ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರಬೇಕು? ಹಾಸಿಗೆ ಹಿಡಿದ ಹಿರಿಯರ ಬಗ್ಗೆ ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು
ಹಾಗೂ
ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಸಚಿವರು
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಹಿರಿಯರ ಆರೈಕೆ ಕೇಂದ್ರಗಳಲ್ಲಿ ಪ್ರತಿ ಪಾಳಿಗೆ ಕನಿಷ್ಠ ಎಷ್ಟು ನರ್ಸ್ ಮತ್ತು ಆಯಾಗಳು ಇರಬೇಕೆಂದು ನಿಗದಿ ಮಾಡುವ ಕುರಿತು

ಮಾನ್ಯರೇ,

ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿ, ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಾಯಿಸಿಕೊಂಡಿರುವ ಸ್ಟಾಫ್ ನರ್ಸ್. ಮೊದಲು ಆಸ್ಪತ್ರೆಯ ವಾರ್ಡಿನಲ್ಲಿದ್ದೆ. ಈಗ ಹಲವು ವರ್ಷಗಳಿಂದ ಬೆಂಗಳೂರಿನ ಸುತ್ತಮುತ್ತ ಹಿರಿಯರ ಆರೈಕೆ ಕೇಂದ್ರಗಳಲ್ಲಿ ಕೆಲಸ ಮಾಡುತ್ತಿದ್ದೇನೆ.

ವೃದ್ಧಾಶ್ರಮ ಎಂದರೆ ಜನರ ಕಣ್ಣಮುಂದೆ ಬರುವುದು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುವ ಅಜ್ಜಂದಿರು, ಸಂಜೆಯ ಭಜನೆ. ನಾನು ನೋಡಿಕೊಳ್ಳುವವರು ಬೇರೆ. ಸ್ಟ್ರೋಕ್ ಆಗಿ ಒಂದು ಕಡೆಯ ಕೈಕಾಲು ಸ್ವಾಧೀನ ತಪ್ಪಿದವರು, ಸೊಂಟದ ಮೂಳೆ ಮುರಿದ ಮೇಲೆ ಎದ್ದು ನಿಲ್ಲಲಾಗದವರು, ಪಾರ್ಕಿನ್ಸನ್ಸ್ ಜಾಸ್ತಿಯಾಗಿ ನುಂಗುವುದಕ್ಕೂ ಕಷ್ಟಪಡುವವರು, ಮರೆವಿನ ಕಾಯಿಲೆಯಲ್ಲಿ ಹೆತ್ತ ಮಕ್ಕಳ ಗುರುತೂ ಹಿಡಿಯದವರು. ಊಟ, ಸ್ನಾನ, ಒಂದು, ಎರಡು, ಎಲ್ಲದಕ್ಕೂ ಇನ್ನೊಬ್ಬರ ಕೈ ಬೇಕಾದವರು. ಆಸ್ಪತ್ರೆಯವರು ಡಿಸ್ಚಾರ್ಜ್ ಮಾಡಿ ಕಳಿಸಿರುತ್ತಾರೆ, ಮನೆಯಲ್ಲಿ ನೋಡಿಕೊಳ್ಳಲು ಆಗುವುದಿಲ್ಲ, ಹಾಗಾಗಿ ನಮ್ಮಲ್ಲಿಗೆ ಬರುತ್ತಾರೆ. ಹೆಚ್ಚಿನವರು ಕೊನೆಯವರೆಗೂ ಇಲ್ಲೇ ಇರುತ್ತಾರೆ.

ಯಾವ ಕೇಂದ್ರದ ಹೆಸರನ್ನೂ ನಾನು ಬರೆಯುತ್ತಿಲ್ಲ. ಒಂದು ಕೇಂದ್ರಕ್ಕೆ ನೋಟಿಸ್ ಕೊಟ್ಟರೆ ಮುಗಿಯುವ ವಿಷಯ ಇದಲ್ಲ. ಒಳ್ಳೆಯ ಹೆಸರಿರುವ ಕಡೆಯೂ ಇದೇ ಕಥೆ, ತಗಡಿನ ಶೀಟಿನ ಕೆಳಗೆ ಧರ್ಮಕ್ಕೆ ನಡೆಸುವ ಕಡೆಯೂ ಇದೇ ಕಥೆ. ನನ್ನ ಹೆಸರನ್ನೂ ಹಾಕಿಲ್ಲ. ನಾಳೆ ಬೆಳಿಗ್ಗೆ ನಾನು ಡ್ಯೂಟಿಗೆ ಹೋಗಬೇಕು.

ಕೇಳಬೇಕಾಗಿರುವುದು ಒಂದೇ ಪ್ರಶ್ನೆ. ಹಾಸಿಗೆ ಹಿಡಿದ ಹಿರಿಯರಿರುವ ಒಂದು ಮಹಡಿಯಲ್ಲಿ, ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ, ಕನಿಷ್ಠ ಎಷ್ಟು ಜನ ಎಚ್ಚರವಾಗಿ ಕೆಲಸದಲ್ಲಿರಬೇಕು? ಇಷ್ಟು ವರ್ಷಗಳಲ್ಲಿ ಯಾವ ಅಧಿಕಾರಿಯೂ ನಮ್ಮನ್ನು ಇದನ್ನು ಕೇಳಿಲ್ಲ. ತಪಾಸಣೆಗೆ ಬಂದವರು ಅಡುಗೆಮನೆ ನೋಡಿದ್ದಾರೆ, ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ನೋಡಿದ್ದಾರೆ, ರಿಜಿಸ್ಟರಿಗೆ ಸಹಿ ಹಾಕಿದ್ದಾರೆ. ಬಂದಿದ್ದೆಲ್ಲ ಹಗಲು ಹೊತ್ತಿನಲ್ಲಿ.

ರಾತ್ರಿ ಏನು ನಡೆಯುತ್ತದೆ ಎನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಮಹಡಿಯಲ್ಲಿ 24 ಜನ, ಎಲ್ಲರೂ ಹಾಸಿಗೆ ಹಿಡಿದವರು. ರಾತ್ರಿಗೆ ಇಬ್ಬರು ಆಯಾಗಳು. ಇದು ನಾನು ಕಂಡ ಕಡೆಗಳಲ್ಲಿ ತೀರಾ ಕೆಟ್ಟ ಪರಿಸ್ಥಿತಿ ಏನಲ್ಲ, ಮಾಮೂಲು. ತಾವಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ನಮಗೆ ನರ್ಸಿಂಗ್ ಸ್ಕೂಲಿನಲ್ಲಿ ಮೊದಲ ವರ್ಷವೇ ಹೇಳಿಕೊಡುತ್ತಾರೆ. ಮಗ್ಗುಲು ಬದಲಿಸಲು ಇಬ್ಬರು ಬೇಕು. ಒಬ್ಬರು ಭುಜ ಹಿಡಿಯಬೇಕು, ಇನ್ನೊಬ್ಬರು ಸೊಂಟ. ಒಬ್ಬರೇ ಎಳೆದರೆ ಚರ್ಮ ಹಾಸಿಗೆಗೆ ಉಜ್ಜಿ ಕಿತ್ತು ಬರುತ್ತದೆ. ವಯಸ್ಸಾದವರ ಚರ್ಮ ಅಷ್ಟು ತೆಳು. ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಮೊಣಕಾಲಿನ ನಡುವೆ ಇನ್ನೊಂದು ದಿಂಬು ಇಟ್ಟು, ಮೂತ್ರದ ಪೈಪು ಮಡಚಿಕೊಂಡಿಲ್ಲ ಎಂದು ನೋಡಿ ಮುಗಿಸಲು ನಾಲ್ಕು ನಿಮಿಷವಾದರೂ ಬೇಕು. ಡೈಪರ್ ಬದಲಿಸಬೇಕಾದರೆ ಹತ್ತು ನಿಮಿಷ. ಸರಾಸರಿ 6 ನಿಮಿಷ ಎಂದು ಇಟ್ಟುಕೊಳ್ಳಿ. 24 ಜನಕ್ಕೆ 144 ನಿಮಿಷ. ಒಂದು ಸುತ್ತು ಮುಗಿಯುವಷ್ಟರಲ್ಲಿ ಎರಡು ಗಂಟೆಯ ಮೇಲೆ 24 ನಿಮಿಷ ಆಗಿರುತ್ತದೆ. ಇದರಲ್ಲಿ ಯಾರೂ ನೀರು ಕೇಳಿಲ್ಲ, ಯಾರೂ ವಾಂತಿ ಮಾಡಿಕೊಂಡಿಲ್ಲ, ಆ ಇಬ್ಬರು ಹುಡುಗಿಯರು ಒಂದು ಲೋಟ ಟೀ ಕುಡಿದಿಲ್ಲ, ತಾವೂ ಬಾತ್‌ರೂಮಿಗೆ ಹೋಗಿಲ್ಲ.

ಆದರೆ ಹಾಸಿಗೆಯ ಕಾಲ ಬಳಿ ನೇತುಹಾಕಿದ ಚಾರ್ಟು ನೋಡಿದರೆ ಎಲ್ಲ ಸರಿಯಾಗಿರುತ್ತದೆ. 10 ಗಂಟೆಗೆ ಎಡ, 12ಕ್ಕೆ ಬಲ, 2ಕ್ಕೆ ಅಂಗಾತ, 4ಕ್ಕೆ ಎಡ. ಎಲ್ಲದರ ಮುಂದೆ ಒಂದೇ ಪೆನ್ನಿನ ಒಂದೇ ಓಟದ ಟಿಕ್ ಮಾರ್ಕು. ಬೆಳಿಗ್ಗೆ ಹ್ಯಾಂಡೋವರ್ ತೆಗೆದುಕೊಳ್ಳುವಾಗ ಆ ಚಾರ್ಟನ್ನೂ ನೋಡುತ್ತೇನೆ, ಹಿಂದಿನ ಸಂಜೆ ನಾನೇ ಇಟ್ಟ ದಿಂಬು ಇಟ್ಟಲ್ಲೇ ಇರುವುದನ್ನೂ ನೋಡುತ್ತೇನೆ. ಆ ಹುಡುಗಿಯರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಮೇಲಿನವರು ಭರ್ತಿಯಾದ ಚಾರ್ಟು ಕೇಳುತ್ತಾರೆ, ಅವರಿಗೆ ಅದು ಸಿಗುತ್ತದೆ.

ಇದರ ಫಲ ಏನು ಎಂದು ಡ್ರೆಸ್ಸಿಂಗ್ ಮಾಡುವವರಿಗೆ ಗೊತ್ತು: ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣು. ಮೊದಲು ಬೆನ್ನಿನ ತುದಿಯ ಮೂಳೆಯ ಮೇಲೆ ನಾಣ್ಯದಷ್ಟು ಕೆಂಪು ಕಾಣುತ್ತದೆ. ಬೆರಳಿನಿಂದ ಒತ್ತಿದರೂ ಬಿಳಿಚುವುದಿಲ್ಲ. ಆಗಲೇ ಎಚ್ಚೆತ್ತುಕೊಂಡರೆ ವಾಸಿಯಾಗುತ್ತದೆ. ಇಲ್ಲವಾದರೆ ಕೆಲವೇ ದಿನಗಳಲ್ಲಿ ಮೇಲಿನ ಚರ್ಮ ಒಡೆಯುತ್ತದೆ. ಆಮೇಲೆ ಒಳಗೊಳಗೇ ಕೊಳೆಯುತ್ತಾ ಹೋಗುತ್ತದೆ. ಕೊನೆಗೆ ಗಾಜ್ ತುರುಕಿ ತುಂಬಿಸುವಷ್ಟು ಗುಂಡಿ, ತಳದಲ್ಲಿ ಮೂಳೆ. ಏರ್ ಬೆಡ್ ಹಾಕಿದ್ದೇವಲ್ಲ ಎನ್ನುತ್ತಾರೆ. ಏರ್ ಬೆಡ್ ಸ್ವಲ್ಪ ಸಮಯ ಕೊಡುತ್ತದೆ, ಅಷ್ಟೇ. ಅದರ ಮೇಲೆ ಮಲಗಿದವರನ್ನೂ ಹೊರಳಿಸಲೇಬೇಕು.

ಊಟದ್ದು ಇನ್ನೊಂದು ಕಥೆ. ಮೂಗಿನಿಂದ ಟ್ಯೂಬ್ ಹಾಕಿದವರಿಗೆ ತಲೆ ಕಡೆ ಎತ್ತರಿಸಿ ನಿಧಾನಕ್ಕೆ ಗಂಜಿ ಬಿಡಬೇಕು, ಆಮೇಲೂ ಅರ್ಧ ಗಂಟೆಯಾದರೂ ಹಾಗೇ ಕೂರಿಸಿರಬೇಕು. ಅವಸರ ಮಾಡಿದರೆ ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತದೆ, ನ್ಯುಮೋನಿಯಾ ಆಗುತ್ತದೆ. ಬಾಯಿಯಲ್ಲಿ ಉಣ್ಣುವ ಪಾರ್ಕಿನ್ಸನ್ಸ್ ಅಜ್ಜನಿಗೆ ಒಂದು ತಟ್ಟೆ ಮೆತ್ತಗಿನ ಅನ್ನ ತಿನ್ನಿಸಲು ಮುಕ್ಕಾಲು ಗಂಟೆ ಬೇಕು. ಒಬ್ಬ ಆಯಾ ಎಂಟು ಜನಕ್ಕೆ ತಿನ್ನಿಸಬೇಕು ಎಂದರೆ ಏನಾಗುತ್ತದೆ? ನಾಲ್ಕು ತುತ್ತಿಗೆ ‘ಅಜ್ಜ ಸಾಕು ಅಂದ್ರು’ ಎಂದು ತಟ್ಟೆ ಎತ್ತಿಡುತ್ತಾರೆ. ತಿಂಗಳು ಕಳೆದ ಮೇಲೆ ತೂಕ ನೋಡಿ ಮಗಳು ಕೇಳುತ್ತಾಳೆ, ಅಪ್ಪ ಯಾಕೆ ಇಷ್ಟು ಸೊರಗಿದ್ದಾರೆ ಎಂದು. ವಯಸ್ಸಾಯಿತಲ್ಲ ಎನ್ನುವ ಉತ್ತರ ಎಲ್ಲರ ಬಳಿಯೂ ಸಿದ್ಧವಾಗಿರುತ್ತದೆ.

ಜನ ಕಡಿಮೆ ಇದ್ದ ಕಡೆ ಬಟ್ಟೆ ಮತ್ತು ಮಾತ್ರೆ ಅವರ ಕೆಲಸ ಮಾಡುತ್ತವೆ. ಈ ಮಾತು ಬರೆಯಲು ನನಗೆ ಸುಲಭವಲ್ಲ. ಟ್ಯೂಬ್ ಕಿತ್ತುಕೊಳ್ಳುತ್ತಾರೆ ಎಂದು ಕೈಯನ್ನು ಮಂಚದ ಕಂಬಿಗೆ ಕಟ್ಟುತ್ತಾರೆ. ಮರೆವಿನ ಕಾಯಿಲೆಯವರು ಸಂಜೆಯಾದರೆ ಸಾಕು, ‘ಮನೆಗೆ ಹೋಗಬೇಕು, ದನ ಕಟ್ಟಬೇಕು’ ಎಂದು ಎದ್ದು ಓಡಾಡುತ್ತಾರೆ. ಜೊತೆಗೆ ಒಬ್ಬರು ಹತ್ತು ಹೆಜ್ಜೆ ನಡೆದು, ಮಾತಾಡಿಸಿ, ವಾಪಸ್ ಕರೆತಂದು ಕೂರಿಸಿದರೆ ಸಮಾಧಾನ ಆಗುತ್ತಾರೆ. ನಡೆಯಲು ಜನ ಇಲ್ಲದಿದ್ದರೆ ಮಂಪರಿನ ಮಾತ್ರೆಯ ಡೋಸ್ ಏರುತ್ತದೆ. ಮಂಪರಿನಲ್ಲಿ ಎದ್ದವರು ಬೀಳುತ್ತಾರೆ, ಬಿದ್ದವರ ಸೊಂಟ ಮುರಿಯುತ್ತದೆ. ಅಲ್ಲಿಂದ ಮುಂದೆ ಮೇಲೆ ಬರೆದ ಹಾಸಿಗೆಯ ಲೆಕ್ಕಕ್ಕೆ ಇನ್ನೊಬ್ಬರು ಸೇರುತ್ತಾರೆ.

ಮನೆಯವರು ಸುಮ್ಮನಿದ್ದಾರೆ ಎಂದಲ್ಲ. ಎಷ್ಟೋ ರೂಮುಗಳಲ್ಲಿ ಈಗ ಕ್ಯಾಮೆರಾ ಇದೆ. ಅಮೆರಿಕದಲ್ಲಿರುವ ಮಗ ನಮ್ಮ ನಡುರಾತ್ರಿಯಲ್ಲಿ ಫೋನ್ ಮಾಡಿ, ‘ಸಿಸ್ಟರ್, ಅಮ್ಮನ ಹೊದಿಕೆ ಜಾರಿದೆ ನೋಡಿ’ ಎನ್ನುತ್ತಾರೆ. ಪಾಪ, ಅವರ ಕಷ್ಟ ಅವರಿಗೆ. ಆದರೆ ಆ ಫೋನ್ ತೆಗೆಯುವುದಕ್ಕೂ ಆ ಇಬ್ಬರಲ್ಲಿ ಒಬ್ಬರೇ ಹೋಗಬೇಕಲ್ವಾ?

ಆಯಾಗಳ ವಿಷಯವನ್ನೂ ಹೇಳಬೇಕು. ರಾಯಚೂರು, ಕಲಬುರಗಿ ಕಡೆಯವರಿದ್ದಾರೆ. ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯ ಹುಡುಗಿಯರು ಇನ್ನೂ ಜಾಸ್ತಿ. ಹೆಚ್ಚಿನವರು ಏಜೆನ್ಸಿ ಮೂಲಕ ಬಂದವರು, ಸಂಬಳದಲ್ಲಿ ಏಜೆನ್ಸಿಯ ಪಾಲು ಮೊದಲೇ ಕತ್ತರಿಸಿ ಹೋಗುತ್ತದೆ. ಪಾಳಿ 12 ಗಂಟೆ. ಬದಲಿಗೆ ಬರಬೇಕಾದವರು ಬರದಿದ್ದರೆ ಅದೇ 24 ಗಂಟೆ ಆಗುತ್ತದೆ. ತರಬೇತಿ ಎಂದರೆ ಹಳೆಯ ಆಯಾ ಎರಡು ದಿನ ಜೊತೆಗಿಟ್ಟುಕೊಂಡು ತೋರಿಸಿಕೊಟ್ಟಿದ್ದು. 70 ಕಿಲೋ ತೂಕದವರನ್ನು ಮಂಚದಿಂದ ವೀಲ್‌ಚೇರಿಗೆ ಒಬ್ಬಳೇ ಎತ್ತಿ ಎತ್ತಿ, ಇಪ್ಪತ್ತೈದು ತುಂಬುವ ಮೊದಲೇ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡವರನ್ನು ನೋಡಿದ್ದೇನೆ. ಆರು ತಿಂಗಳಾಗುವ ಹೊತ್ತಿಗೆ ಅವರು ಬಿಟ್ಟು ಹೋಗುತ್ತಾರೆ. ಯಾವ ಅಜ್ಜಿ ಯಾವ ಮಗ್ಗುಲಿಗೆ ನರಳುತ್ತಾರೆ, ಯಾವ ಅಜ್ಜ ಬಿಸಿ ಆರಿದ ಮೇಲೆಯೇ ಕಾಫಿ ಕುಡಿಯುತ್ತಾರೆ ಎಂದು ಕಲಿತಿದ್ದೆಲ್ಲ ಅವರ ಜೊತೆಗೇ ಹೋಗುತ್ತದೆ. ಮತ್ತೆ ಹೊಸಬರು, ಮತ್ತೆ ಎರಡು ದಿನದ ತರಬೇತಿ.

ಇಬ್ಬರು ಸಚಿವರಿಗೂ ಸೇರಿಸಿ ಬರೆಯಲು ಕಾರಣ ಇದೆ. ನಮ್ಮಂಥ ಜಾಗಗಳು ಯಾರ ಕೈಕೆಳಗೆ ಬರುತ್ತವೆ ಎನ್ನುವುದೇ ಗೊಂದಲ. ಕೆಲವರು ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನರ್ಸಿಂಗ್ ಹೋಮ್ ಎಂದು ಲೈಸೆನ್ಸ್ ಮಾಡಿಸಿಕೊಂಡಿದ್ದಾರೆ. ಕೆಲವರು ವೃದ್ಧಾಶ್ರಮ ಎನ್ನುತ್ತಾರೆ. ಕೆಲವರ ಬಳಿ ಟ್ರಸ್ಟ್ ನೋಂದಣಿ ಮಾತ್ರ ಇದೆ. ಇನ್ನು ಕೆಲವು, ಬಡಾವಣೆಯೊಳಗೆ ಬಾಡಿಗೆಗೆ ಹಿಡಿದ ಎರಡಂತಸ್ತಿನ ಮನೆಗಳು. ಒಳಗಿರುವ ರೋಗಿಗಳು ಮಾತ್ರ ಎಲ್ಲ ಕಡೆ ಒಂದೇ ಥರ. ಆರೋಗ್ಯ ಇಲಾಖೆಯವರನ್ನು ಕೇಳಿದರೆ ಹಿರಿಯ ನಾಗರಿಕರ ಇಲಾಖೆ ಎನ್ನುತ್ತಾರೆ, ಅಲ್ಲಿ ಕೇಳಿದರೆ ಇದು ವೈದ್ಯಕೀಯ ವಿಷಯ ಎನ್ನುತ್ತಾರೆ.

ಆಸ್ಪತ್ರೆಗಳಿಗೆ ಕೊನೇಪಕ್ಷ ಒಂದು ಅಂಕಿ ಇದೆ. ಸಾಮಾನ್ಯ ವಾರ್ಡಿನಲ್ಲಿ 6 ಹಾಸಿಗೆಗೆ ಒಬ್ಬ ನರ್ಸ್, ಐಸಿಯುನಲ್ಲಿ ಒಂದು ಹಾಸಿಗೆಗೆ ಒಬ್ಬರು ಎಂದು ಕೇಂದ್ರ ಸರ್ಕಾರದಲ್ಲಿ ಸಿಬ್ಬಂದಿ ಎಷ್ಟಿರಬೇಕೆಂದು ಲೆಕ್ಕ ಹಾಕುವ ಸ್ಟಾಫ್ ಇನ್‌ಸ್ಪೆಕ್ಷನ್ ಯೂನಿಟ್ ಎಂದೋ ಹೇಳಿದೆ. ಅದು ಎಲ್ಲ ಕಡೆ ಪಾಲನೆ ಆಗುತ್ತಿಲ್ಲ, ಒಪ್ಪುತ್ತೇನೆ. ಆದರೂ ನಿಯಮ ಇದೆಯಲ್ಲ ಎಂದು ತೋರಿಸಿ ಕೇಳಬಹುದು. ನಮಗೆ ತೋರಿಸಲು ಏನಿದೆ? 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 19ನೇ ಕಲಂ ರಾಜ್ಯ ಸರ್ಕಾರ ಜಿಲ್ಲೆಗೊಂದಾದರೂ ವೃದ್ಧಾಶ್ರಮ ತೆರೆಯಬಹುದು, ಅದರಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗ ಇರಬೇಕು ಎನ್ನುತ್ತದೆ. ಅವುಗಳ ಗುಣಮಟ್ಟ ಮತ್ತು ವೈದ್ಯಕೀಯ ಸೇವೆ ಹೇಗಿರಬೇಕೆಂದು ಯೋಜನೆ ರೂಪಿಸುವ ಅಧಿಕಾರವನ್ನು ರಾಜ್ಯಕ್ಕೇ ಕೊಟ್ಟಿದೆ. ಖಾಸಗಿ ಕೇಂದ್ರಗಳನ್ನೂ ಮನೆಗೆ ಆಯಾ ಕಳಿಸುವ ಏಜೆನ್ಸಿಗಳನ್ನೂ ನೋಂದಣಿಗೆ ತಂದು ಕನಿಷ್ಠ ಗುಣಮಟ್ಟ ಗೊತ್ತು ಮಾಡುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. ಸ್ಥಾಯಿ ಸಮಿತಿಗೆ ಹೋಯಿತು, ವಾಪಸ್ ಬಂತು, 2024ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ದೆಹಲಿ ಮತ್ತೆ ತರುವವರೆಗೆ ಕಾಯಬೇಕಿಲ್ಲ. ಆಸ್ಪತ್ರೆ ಮತ್ತು ಸಾರ್ವಜನಿಕ ಆರೋಗ್ಯ ಸಂವಿಧಾನದಲ್ಲಿ ರಾಜ್ಯಪಟ್ಟಿಯಲ್ಲೇ ಇವೆ. ಕೆಪಿಎಂಇ ನಮ್ಮದೇ ವಿಧಾನಸಭೆ ಮಾಡಿದ ಕಾಯ್ದೆ, 2017ರಲ್ಲಿ ತಿದ್ದಿದ್ದೂ ಇಲ್ಲೇ.

ತಡಮಾಡಿದರೆ ಸಂಖ್ಯೆ ಕೈಮೀರುತ್ತದೆ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿ ಪ್ರಕಾರ ದೇಶದಲ್ಲಿ 60 ದಾಟಿದವರು 2022ರಲ್ಲಿ 14.9 ಕೋಟಿ. 2050ಕ್ಕೆ 34.7 ಕೋಟಿ, ಅಂದರೆ ಐವರಲ್ಲಿ ಒಬ್ಬರು.

ನನ್ನ ಬ್ಯಾಚಿನ ಗೆಳತಿ ಆಸ್ಟ್ರೇಲಿಯಾದಲ್ಲಿ ಇದೇ ಕೆಲಸ ಮಾಡುತ್ತಾಳೆ. ಅಲ್ಲಿ 2023ರ ಜುಲೈನಿಂದ ಹಿರಿಯರ ಕೇಂದ್ರಗಳಲ್ಲಿ ದಿನದ 24 ಗಂಟೆಯೂ ನೋಂದಾಯಿತ ನರ್ಸ್ ಇರಬೇಕು. 2024ರ ಅಕ್ಟೋಬರಿನಿಂದ ಪ್ರತಿ ನಿವಾಸಿಗೆ ದಿನಕ್ಕೆ ಸರಾಸರಿ 215 ನಿಮಿಷದ ಆರೈಕೆ ಸಿಗಬೇಕು, ಅದರಲ್ಲಿ 44 ನಿಮಿಷ ನೋಂದಾಯಿತ ನರ್ಸಿನದು. ಎಲ್ಲ ದೇಶಗಳೂ ಹೀಗಿಲ್ಲ. ಅಮೆರಿಕದಲ್ಲಿ 2024ರಲ್ಲಿ ಪ್ರತಿ ನಿವಾಸಿಗೆ ದಿನಕ್ಕೆ 3.48 ಗಂಟೆಯ ಆರೈಕೆ ಸಿಗಬೇಕು ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ನಡೆಸುವವರು ಕೋರ್ಟಿಗೆ ಹೋದರು, 2025ರಲ್ಲಿ ಟೆಕ್ಸಾಸ್‌ನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಇಲ್ಲಿಯೂ ವಿರೋಧ ಬರುತ್ತದೆ ಎಂದು ತಿಳಿದೇ ಬರೆಯುತ್ತಿದ್ದೇನೆ. ನಮ್ಮ ಕಾಲೇಜುಗಳಲ್ಲಿ ಓದಿದ ಹುಡುಗಿಯರೇ ಆಸ್ಟ್ರೇಲಿಯಾದಲ್ಲಿ ಗಡಿಯಾರ ಇಟ್ಟುಕೊಂಡು ಒಳ್ಳೆಯ ಆರೈಕೆ ಕೊಡುತ್ತಿದ್ದಾರೆ. ಅಂಥ ಆರೈಕೆ ನಮ್ಮ ಅಜ್ಜಿಯರಿಗೂ ಸಿಗಬೇಕು ಎಂದರೆ ಅತಿಯಾಸೆ ಆಗುವುದಿಲ್ಲ ಅಂದುಕೊಂಡಿದ್ದೇನೆ.

ನಡೆಸುವವರ ಮೊದಲ ಮಾತು ಖರ್ಚು. ಆ ಲೆಕ್ಕವನ್ನೂ ಹಾಕೋಣ. ಅದೇ 24 ಜನರ ಮಹಡಿಗೆ ರಾತ್ರಿ ಇನ್ನಿಬ್ಬರು ಆಯಾಗಳು ಬೇಕು. ಊಟ, ಪಿಎಫ್, ಇಎಸ್‌ಐ ಸೇರಿ ಒಬ್ಬರಿಗೆ ತಿಂಗಳಿಗೆ 20 ಸಾವಿರ ಎಂದುಕೊಳ್ಳಿ. ರಜೆ, ವಾರದ ಬಿಡುವಿಗೆ ಬದಲಿಯವರೆಂದು ಶೇ 30 ಸೇರಿಸಿ. ಒಟ್ಟು 52 ಸಾವಿರ. 24 ಜನಕ್ಕೆ ಹಂಚಿದರೆ ತಲಾ 2,200 ರೂಪಾಯಿಯೂ ಆಗುವುದಿಲ್ಲ. ಒಬ್ಬರ ತಿಂಗಳ ಡೈಪರ್ ಖರ್ಚೇ ಇದಕ್ಕಿಂತ ಜಾಸ್ತಿ. ಈಗಾಗಲೇ ತಿಂಗಳಿಗೆ 40 ಸಾವಿರ ಕೊಡುತ್ತಿರುವ ಮನೆಯವರನ್ನು ‘ರಾತ್ರಿ ಇನ್ನಿಬ್ಬರು ಇರುತ್ತಾರೆ, ಇಷ್ಟು ಜಾಸ್ತಿ ಆಗುತ್ತದೆ’ ಎಂದು ಕೇಳಿ ನೋಡಿ. ಬೇಡ ಎನ್ನುವವರು ಕಡಿಮೆ. ಒಂದು ಬೆಡ್‌ಸೋರ್ ಕೊಳೆತು ನಂಜೇರಿ ಆಸ್ಪತ್ರೆಗೆ ಸೇರಿಸಿದರೆ ಎಷ್ಟಾಗುತ್ತದೆ ಎಂದು ಅನುಭವಿಸಿದವರಂತೂ ಖಂಡಿತ ಬೇಡ ಎನ್ನುವುದಿಲ್ಲ.

ಧರ್ಮಕ್ಕೆ ನಡೆಸುವವರ ಮಾತು ಬೇರೆ. ರಸ್ತೆ ಬದಿ ಬಿದ್ದವರನ್ನು ತಂದು ಸಾಕುವ ಮನೆಗಳಿವೆ. ಅಲ್ಲಿಗೆ ನಿಯಮದ ಪುಸ್ತಕ ಹಿಡಿದು ಹೋಗಿ ಬೀಗ ಹಾಕಿದರೆ ಆ ಜನ ಮತ್ತೆ ರಸ್ತೆಗೇ ಬರುತ್ತಾರೆ. ಅವರಿಗೆ ಸಮಯ ಕೊಡಿ, ಸರ್ಕಾರವೇ ಆಯಾಗಳ ಸಂಬಳ ಕೊಡಲಿ. ಕೇಂದ್ರದ ಅಟಲ್ ವಯೋ ಅಭ್ಯುದಯ ಯೋಜನೆಯಲ್ಲಿ ಹಿರಿಯರ ಮನೆಗಳಿಗೂ, ಹಾಸಿಗೆ ಹಿಡಿದವರ ನಿರಂತರ ಆರೈಕೆ ಮನೆಗಳಿಗೂ ಅನುದಾನ ಇದೆ. ಅದನ್ನು ತರಿಸಿಕೊಳ್ಳಲು ಅರ್ಜಿ ತುಂಬುವುದಕ್ಕೇ ಅವರಿಗೆ ಜನ ಇರುವುದಿಲ್ಲ. ಜಿಲ್ಲಾ ಕಚೇರಿಯವರು ಹೋಗಿ ತುಂಬಿಸಿಕೊಡಲಿ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಬೋರ್ಡಿನ ಮೇಲೆ ಏನೇ ಬರೆದಿರಲಿ, ಉಣ್ಣಲು, ಹೊರಳಲು, ಶೌಚಕ್ಕೆ ಇನ್ನೊಬ್ಬರ ಕೈ ಬೇಕಾದವರನ್ನು ಇಟ್ಟುಕೊಳ್ಳುವ ಪ್ರತಿಯೊಂದು ಜಾಗವೂ ಒಂದೇ ನೋಂದಣಿಯಡಿ ಬರಬೇಕು. ಎರಡು ಇಲಾಖೆಗಳೂ ಕೂತು ಯಾರು ಹೊಣೆ ಎಂದು ಬರೆದುಕೊಳ್ಳಬೇಕು. ಪೂರ್ತಿ ಹಾಸಿಗೆ ಹಿಡಿದವರಿಗೆ ಹಗಲು ನಾಲ್ವರಿಗೆ ಒಬ್ಬ ಆಯಾ, ರಾತ್ರಿ ಆರು ಜನಕ್ಕೆ ಒಬ್ಬರು ಇರಬೇಕು. ಆರಕ್ಕೆ ಒಬ್ಬರು ಎಂದರೆ 24 ಜನಕ್ಕೆ ನಾಲ್ವರು, ಎರಡು ಜೋಡಿ. ಒಂದು ಸುತ್ತು 72 ನಿಮಿಷಕ್ಕೆ ಮುಗಿಯುತ್ತದೆ, ಉಳಿದ 48 ನಿಮಿಷ ನೀರು ಕೇಳಿದವರಿಗೆ, ಕರೆದವರಿಗೆ. ತಜ್ಞರು ಕೂತು ಈ ಅಂಕಿಗಳನ್ನು ತಿದ್ದಲಿ, ನನಗೆ ಬೇಸರ ಇಲ್ಲ. ಆದರೆ ಪಾಳಿವಾರು ಅಂಕಿ ಇರಲೇಬೇಕು. ದಿನದ ಸರಾಸರಿ ಎಂದರೆ ಹಗಲು ತುಂಬಿಸಿ ರಾತ್ರಿ ಖಾಲಿ ಬಿಡುತ್ತಾರೆ. ಎಷ್ಟೇ ಚಿಕ್ಕ ಮಹಡಿಯಾದರೂ ರಾತ್ರಿ ಒಬ್ಬರನ್ನೇ ಬಿಡುವಂತಿಲ್ಲ ಎಂದೂ ಸೇರಿಸಿ. 2023ರ ಜನವರಿ 1ರ ಬೆಳಗಿನ ಜಾವ ದೆಹಲಿಯ ಗ್ರೇಟರ್ ಕೈಲಾಶ್‌ನಲ್ಲಿ ಹಿರಿಯರ ಆರೈಕೆ ಕೇಂದ್ರಕ್ಕೆ ಬೆಂಕಿ ಬಿದ್ದು ಇಬ್ಬರು ವೃದ್ಧೆಯರು ತೀರಿಕೊಂಡರು. ಆ ಸುದ್ದಿ ಓದಿದ ದಿನ ನಮ್ಮ ಮೆಟ್ಟಿಲು ನೋಡಿದೆ. ಒಬ್ಬ ಆಯಾ ಅಲ್ಲಿಂದ ಎಷ್ಟು ಜನರನ್ನು ಕೆಳಗಿಳಿಸಬಲ್ಲಳು?

ಟ್ಯೂಬ್, ಕ್ಯಾಥೆಟರ್, ಇನ್ಸುಲಿನ್ ಇರುವವರಿದ್ದಲ್ಲಿ ಹಗಲು ರಾತ್ರಿ ನೋಂದಾಯಿತ ನರ್ಸ್ ಇರಲೇಬೇಕು. ಫೋನಿನಲ್ಲಿ ಸಿಗುತ್ತಾರೆ ಎನ್ನುವುದು ಲೆಕ್ಕಕ್ಕೆ ಬರಬಾರದು. ಸಕ್ಕರೆ ಇಳಿದು ಬೆವರುತ್ತಿರುವವರನ್ನು ನಿದ್ದೆ ಮಾಡುತ್ತಿದ್ದಾರೆ ಅಂದುಕೊಳ್ಳುವ ಹುಡುಗಿಗೆ ಫೋನ್ ಮಾಡಬೇಕು ಎನ್ನುವುದೇ ಹೊಳೆಯುವುದಿಲ್ಲ. ಹಾಗೆಯೇ ಅಡುಗೆಯವರು, ಕಸ ಗುಡಿಸುವವರು, ರಿಸೆಪ್ಷನ್ನಿನವರು ಆರೈಕೆಯ ಲೆಕ್ಕಕ್ಕೆ ಸೇರಬಾರದು. ಹಗಲು ದುಡಿದವರೇ ರಾತ್ರಿಯೂ ಇದ್ದರೆ ಅವರನ್ನು ಎರಡನೇ ಸಲ ಎಣಿಸಬಾರದು. ಏಜೆನ್ಸಿಗಳೂ ನೋಂದಣಿಗೆ ಬರಲಿ, ಆಯಾಗಳಿಗೆ ಕೆಲಸಕ್ಕೆ ಮುಂಚೆ ಸರಿಯಾದ ತರಬೇತಿ ಕಡ್ಡಾಯವಾಗಲಿ.

ಕೊನೆಯದಕ್ಕೆ ಹೆಚ್ಚು ದುಡ್ಡೂ ಬೇಡ, ಹೊಸ ಕಾಯ್ದೆಯೂ ಬೇಡ. ಖಾಸಗಿ ಆಸ್ಪತ್ರೆಗಳು ದರಪಟ್ಟಿ ಹಾಕಬೇಕು ಎಂದು ಈಗಾಗಲೇ ನಿಯಮ ಇದೆ. ಅದೇ ರೀತಿ ಪ್ರತಿ ಕೇಂದ್ರದ ಗೇಟಿನ ಬಳಿ ಒಂದು ಬೋರ್ಡು ಇರಲಿ: ಇಂದು ಒಳಗೆ ಇರುವವರು ಇಷ್ಟು, ಅದರಲ್ಲಿ ಹಾಸಿಗೆ ಹಿಡಿದವರು ಇಷ್ಟು, ಹಗಲು ಪಾಳಿಯ ನರ್ಸ್ ಮತ್ತು ಆಯಾ ಇಷ್ಟು, ರಾತ್ರಿ ಇಷ್ಟು. ಅಮ್ಮನನ್ನು ನೋಡಲು ಬಂದ ಮಗಳು ಅದನ್ನು ಓದಲಿ. ಸುಳ್ಳು ಬರೆದಿದ್ದರೆ 14567 ಹಿರಿಯರ ಸಹಾಯವಾಣಿಗೆ ಫೋನ್ ಮಾಡಲಿ. ಅಲ್ಲಿಂದ ಬಂದ ದೂರಿನ ಮೇಲೆ ಅಧಿಕಾರಿ ಹೋಗುವುದು ರಾತ್ರಿ ಹೊತ್ತಾಗಿರಲಿ, ಹೇಳದೆ ಹೋಗಲಿ. ಹೋದವರು ಚಾರ್ಟು ನೋಡಬೇಕಿಲ್ಲ. ಹಾಜರಿ ಪುಸ್ತಕದಲ್ಲಿರುವ ಹೆಸರು ಕರೆದು ಮುಖ ನೋಡಿದರೆ ಸಾಕು.

ನಿಯಮ ಬರೆಯಲು ಸಮಿತಿ ಮಾಡುವುದಾದರೆ ಅದರಲ್ಲಿ ಡಾಕ್ಟರು, ಮಾಲೀಕರ ಜೊತೆಗೆ ರಾತ್ರಿ ಪಾಳಿಯ ಒಬ್ಬ ಆಯಾಗೂ ಒಂದು ಕುರ್ಚಿ ಕೊಡಿ. ಆ ದಿನದ ಕೂಲಿಯನ್ನೂ ಕೊಡಿ, ಇಲ್ಲದಿದ್ದರೆ ಅವಳು ಬರಲಾರಳು. ಸಮಿತಿ ಕರೆದರೆ ನಾನೂ ಬಂದು, ಹೆಸರು ಹೇಳಿ, ಕಂಡದ್ದನ್ನೆಲ್ಲ ಲಿಖಿತವಾಗಿ ಕೊಡಲು ಸಿದ್ಧಳಿದ್ದೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಸ್ಟಾಫ್ ನರ್ಸ್
ಬೆಂಗಳೂರು